ರನ್‌ವೇಯ ಉತ್ತರಕ್ಕೇ ನಿಲ್ಲಿ

ಸಹಪೈಲಟ್ ಆಗಿ ಹೆಲಿಕಾಪ್ಟರಿನ ಎಡ ಸೀಟಿನಲ್ಲಿ ಕುಳಿತ ಮೊದಲ ವರ್ಷದಲ್ಲಿ ರೇಡಿಯೊ ಕೆಲಸ ಬಹುತೇಕ ನನ್ನದೇ ಆಗಿತ್ತು. ಬಲ ಸೀಟಿನ ಕ್ಯಾಪ್ಟನ್ ಹಾರಿಸುತ್ತಿದ್ದರು, ನಾನು ಮಾತನಾಡುತ್ತಿದ್ದೆ. ಒಂದು ಮಧ್ಯಾಹ್ನ ನಾವು ಉತ್ತರದಿಂದ ಒಂದು ವಿಮಾನ ನಿಲ್ದಾಣಕ್ಕೆ ಬರುತ್ತಿದ್ದೆವು. ಇಳಿಯಬೇಕಾದ ಏಪ್ರನ್, ಅಂದರೆ ವಿಮಾನಗಳನ್ನು ನಿಲ್ಲಿಸುವ ಅಂಗಳ, ರನ್‌ವೇಯ ದಕ್ಷಿಣಕ್ಕಿತ್ತು. ಹಿಂದಿನ ಮೂರು ದಿನವೂ ಸಂಚಾರ ನಿಯಂತ್ರಿಸುವ ಟವರ್ ನಮ್ಮನ್ನು ತಡೆಯದೆ ರನ್‌ವೇ ದಾಟಲು ಬಿಟ್ಟಿತ್ತು. ಆ ದಿನದ ಸೂಚನೆ ಬೇರೆಯಾಗಿತ್ತು: ರನ್‌ವೇಯ ಉತ್ತರಕ್ಕೇ ನಿಲ್ಲಬೇಕು, ಫೈನಲ್‌ನಲ್ಲಿರುವ, ಅಂದರೆ ಇಳಿಯಲು ರನ್‌ವೇಯತ್ತ ನೇರವಾಗಿ ಬರುತ್ತಿರುವ ವಿಮಾನ ಕಂಡಾಗ ತಿಳಿಸಬೇಕು. ದಾಟುವ ಅನುಮತಿಯನ್ನೇ ಕಾಯುತ್ತಿದ್ದ ನನ್ನ ಮನಸ್ಸಿಗೆ ಇಳಿದದ್ದು ವಿಮಾನದ ಮಾತು ಮಾತ್ರ. "ರಾಜರ್, ಟ್ರಾಫಿಕ್ ಇನ್ ಸೈಟ್" (ವಿಮಾನ ಕಾಣುತ್ತಿದೆ) ಎಂದುಬಿಟ್ಟೆ.

ಕಂಟ್ರೋಲರ್ ಅಷ್ಟಕ್ಕೆ ಬಿಡಲಿಲ್ಲ. ಉತ್ತರಕ್ಕೆ ನಿಲ್ಲುತ್ತೀರೆಂಬುದನ್ನು ಖಚಿತಪಡಿಸಿ ಎಂದರು. ಅಷ್ಟರಲ್ಲಿ ಕ್ಯಾಪ್ಟನ್ ವೇಗ ತಗ್ಗಿಸಿ ಸುತ್ತು ಹಾಕಲು ತಿರುಗಿಸಿಯಾಗಿತ್ತು. "ಏನಪ್ಪಾ, ಅವರು ಹೇಳಿದ್ದೇನು, ನೀನು ಹೇಳಿದ್ದೇನು?" ಎಂದಷ್ಟೇ ಕೇಳಿದರು.

ರಾಜರ್ ಎಂದರೆ ನಿಮ್ಮ ಸಂದೇಶ ಪೂರ್ತಿ ತಲುಪಿತು ಎಂದಷ್ಟೇ ಅರ್ಥ. ಒಪ್ಪಿದೆ ಎಂದಾಗಲಿ, ಹಾಗೆಯೇ ಮಾಡುತ್ತೇನೆ ಎಂದಾಗಲಿ ಅಲ್ಲ. ರನ್‌ವೇ ದಾಟುವ, ಅದರ ಹೊರಗೆ ನಿಲ್ಲುವ, ಇಳಿಯುವ, ಏರುವ ಸೂಚನೆಗಳನ್ನೂ ಎತ್ತರ, ದಿಕ್ಕು, ಒತ್ತಡಮಾಪಕ ಮತ್ತು ರಡಾರಿಗೆ ನಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನ ಅಂಕಿಗಳನ್ನೂ ಕೇಳಿದಂತೆಯೇ ತಿರುಗಿ ಹೇಳಬೇಕು. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿದವನೇ ನಾನು! 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ಕಥೆಯೂ ಗೊತ್ತಿತ್ತು. ಅಲ್ಲಿ ಟವರ್ "ಓಕೆ" ಎಂದ ಮೇಲೆ ಆಡಿದ ಮುಖ್ಯವಾದ ಮಾತು, ಅದೇ ಕ್ಷಣದಲ್ಲಿ ಇನ್ನೊಂದು ವಿಮಾನವೂ ಮಾತನಾಡಿದ್ದರಿಂದ ಕೀರಲು ಸದ್ದಿನಲ್ಲಿ ಮುಚ್ಚಿಹೋಗಿತ್ತು.

ನಮ್ಮ ಯಂತ್ರ ಎಲ್ಲಿ ಬೇಕಾದರೂ ನಿಲ್ಲಬಲ್ಲದು, ಯಾವ ದಿಕ್ಕಿನಿಂದಲಾದರೂ ಬರಬಲ್ಲದು ಎಂಬ ಅನುಕೂಲವೇ ರೇಡಿಯೊದಲ್ಲಿ ತೊಡಕಾಗುತ್ತದೆ. ವಿಮಾನಕ್ಕಾದರೆ ನೆಲದ ಮೇಲೆ ಬಣ್ಣದ ಗೆರೆಯಿದೆ, ನಮಗೆ ಇರುವುದು ಮಾತು ಮಾತ್ರ. ಅಲ್ಲದೆ ನಿಲ್ಲಿ ಎಂದಾಗಲೆಲ್ಲ ನಿಲ್ಲಲು ಆಗುವುದೂ ಇಲ್ಲ: ಬಿಸಿಲು ಹೆಚ್ಚಿದ್ದು ಭಾರವೂ ತುಂಬಿದ್ದರೆ, ನೆಲದಿಂದ ದೂರದಲ್ಲಿ ಹೋವರ್ ಮಾಡಲು, ಅಂದರೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲಲು, ಮುಂದಕ್ಕೆ ಹಾರುವುದಕ್ಕಿಂತ ಬಹಳ ಹೆಚ್ಚು ಶಕ್ತಿ ಬೇಕು. ಆಗ "ಅನೇಬಲ್, ರಿಕ್ವೆಸ್ಟ್ ಆರ್ಬಿಟ್" (ಆಗುವುದಿಲ್ಲ, ಸುತ್ತು ಹಾಕಲು ಬಿಡಿ) ಎಂದು ಹೇಳಲು ಸಂಕೋಚಪಡಬಾರದು. ಹೊಸಬರು ಇದನ್ನು ಹೇಳಲು ಹಿಂಜರಿಯುತ್ತಾರೆ, ಟವರ್‌ಗೆ ಎದುರಾಡಿದಂತಾಗುತ್ತದೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಇದ್ದೆ.

ಅಂದಿನಿಂದ ಸೂಚನೆ ಬರುತ್ತಿದ್ದಂತೆ ತೊಡೆಯ ಮೇಲಿನ ಪ್ಯಾಡಿನಲ್ಲಿ ನಿಲ್ಲು ಅಥವಾ ದಾಟು ಎಂಬುದನ್ನೇ ಮೊದಲು ಬರೆದುಕೊಂಡು, ಅದನ್ನೇ ಮೊದಲು ತಿರುಗಿ ಹೇಳುತ್ತೇನೆ. ವಿಮಾನ ಕಂಡಿತೋ ಇಲ್ಲವೋ ಎಂಬುದು ಆಮೇಲೆ.

ಆ ಸಂಜೆ ಕ್ಯಾಪ್ಟನ್ ನನ್ನನ್ನು ಟವರ್‌ಗೆ ಕರೆದೊಯ್ದರು. ನಾನು ಕ್ಷಮೆ ಕೇಳುತ್ತಿರುವಾಗಲೇ ಕಂಟ್ರೋಲರ್ ಗಾಜಿನಾಚೆ ಕೈ ತೋರಿಸಿದರು. ಇನ್ನೊಂದು ಹೆಲಿಕಾಪ್ಟರ್ ನೇರ ನಮ್ಮತ್ತ ಮುಖ ಮಾಡಿತ್ತು. "ಅದು ನಿಂತಿದೆಯೋ, ಬರುತ್ತಿದೆಯೋ, ಹೇಳಿ ನೋಡೋಣ" ಎಂದರು. ಕಣ್ಣು ಕಿರಿದಾಗಿಸಿ ನೋಡಿದೆ, ಗೊತ್ತಾಗಲಿಲ್ಲ.