ಎರಡು ದಾಳ, 480 ಕಂತು: ನಮ್ಮ ಸ್ಪೇಸ್ ವೆಸ್ಟರ್ನ್ ಎಲ್ಲಿಗೆ ಬಂತು

ನಮ್ಮದು ಸ್ಪೇಸ್ ವೆಸ್ಟರ್ನ್, ಅಂದರೆ ಬಾಹ್ಯಾಕಾಶದಲ್ಲಿ ನಡೆಯುವ ಕೌಬಾಯ್ ಥರದ ಕಥೆ. ಅದು ಸಿದ್ಧವಾಗಿ ಎರಡು ತಿಂಗಳಾಗಿತ್ತು. ಆಡುವವರೂ ಸಿದ್ಧರಿದ್ದರು. ಯಾವ ನಿಯಮದ ಮೇಲೆ ಆಡಬೇಕು ಅನ್ನೋದು ಮಾತ್ರ ಗಟ್ಟಿ ಆಗಿರಲಿಲ್ಲ. ಮೂರು ಭಾನುವಾರ ಮೂರು ಪುಸ್ತಕ ಇಟ್ಟುಕೊಂಡು ಆಡಿ ನೋಡಿದೆವು. ಈಗ ತೀರ್ಮಾನ ಆಗಿದೆ.

ಹೊಸಬರಿಗೆ ಒಂದು ಮಾತು. ಇದು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಮಾತಲ್ಲೇ ಕಥೆ ನಡೆಸುವ ಆಟ. ಏನಾಗುತ್ತದೋ ಗೊತ್ತಿಲ್ಲ ಅನ್ನುವ ಕಡೆ ದಾಳ ಹಾಕುತ್ತೇವೆ. ಆಟ ನಡೆಸುವವನು ನಾನು. ಆಡುವವರು ನಾಲ್ವರು: ನನ್ನ ತಂಗಿ, ಕಾಕಾ, ಕಾಕಾನ ಮಗ, ಕಾಲೇಜಿನ ಒಬ್ಬ ಗೆಳೆಯ. ಕಾಕಾ ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು. ಮೊದಲ ದಿನ ಸುಮ್ನೆ ನೋಡಲು ಬಂದು ಕೂತರು, ಆಮೇಲೆ ಏಳಲಿಲ್ಲ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರಿಗಾಗಿ ಹಳೆ ಊರಿನ ಮನೆ ಬಿಟ್ಟು ಬಂದ ಕುಟುಂಬಗಳವರು ನಾವು. ಹಾಗಾಗಿ ಸ್ಪೇಸ್ ವೆಸ್ಟರ್ನ್ ಅಂದಾಗ ನನಗೆ ಮೊದಲು ಹೊಳೆದದ್ದು ಟೋಪಿ, ಪಿಸ್ತೂಲು ಅಲ್ಲ. ಊರು ಮುಳುಗುತ್ತದೆ ಅಂತ ಗೊತ್ತಾದ ಮೇಲೆ ಜನ ಎಲ್ಲಿ ಹೋಗಿ ನಿಲ್ಲುತ್ತಾರೆ ಅನ್ನೋದು. ಕಥೆಯಲ್ಲಿ ಒಂದು ಗ್ರಹದ ಕಣಿವೆ ನಿಧಾನಕ್ಕೆ ಮುಳುಗುತ್ತಿದೆ. ಅಲ್ಲಿಯ ಜನರನ್ನು ಒಣ ಉಪಗ್ರಹವೊಂದಕ್ಕೆ ಸಾಗಿಸುತ್ತಿದ್ದಾರೆ. ಬಾದಾಮಿಯ ಬಂಡೆಗಳ ಹಾಗೆ ಕೆಂಪಗಿರುವ ನೆಲ, ಬೀದಿಗೆ ಹೆಸರಿಲ್ಲ, ಬರೀ ಸೆಕ್ಟರ್ ನಂಬರ್. ಆ ದಾರಿಯಲ್ಲಿ ಸಾಲದ ಮೇಲೆ ಓಡುವ ಸಣ್ಣ ಸರಕು ಹಡಗು ನಮ್ಮದು. ಹೆಸರು ಘಟಪ್ರಭಾ.

ಮೂರೂ ಸಲ ಒಂದೇ ದೃಶ್ಯ ಆಡಿದೆವು. ಇಲ್ಲದಿದ್ದರೆ ಹೋಲಿಸುವುದು ಹೇಗೆ, ಅಲ್ವಾ? ಘಟಪ್ರಭಾ ಪಂಪಿನ ಬಿಡಿಭಾಗ ಮತ್ತು ಉಳ್ಳಾಗಡ್ಡಿ ಬೀಜ ಹೊತ್ತು ಉಪಗ್ರಹದಲ್ಲಿ ಇಳಿಯುತ್ತದೆ. ಬಂದರಿನ ಕಾವಲುಗಾರ ಸರಕು ತಡೆಯುತ್ತಾನೆ. ಸಾಲ ಕೊಟ್ಟವನ ಇಬ್ಬರು ಆಳುಗಳು ಹೊರಗೆ ಕಾಯುತ್ತಿದ್ದಾರೆ. ಕತ್ತಲಾಗುವುದರೊಳಗೆ ಪಂಪು ಊರು ಮುಟ್ಟಬೇಕು.

ಮೊದಲ ಭಾನುವಾರ ಸ್ಯಾವೇಜ್ ವರ್ಲ್ಡ್ಸ್. 2003ರಲ್ಲಿ ಬಂದ ನಿಯಮ. ಪ್ರತಿ ಕೌಶಲಕ್ಕೂ ಒಂದು ದಾಳ, ನಾಲ್ಕು ಮುಖದ್ದರಿಂದ ಹನ್ನೆರಡು ಮುಖದ್ದರವರೆಗೆ. ಮುಖ್ಯ ಪಾತ್ರಗಳಿಗೆ ಜೊತೆಗೆ ಆರು ಮುಖದ ಇನ್ನೊಂದು ದಾಳ. ಎರಡರಲ್ಲಿ ಒಳ್ಳೆಯದನ್ನು ಹಿಡಿಯಬೇಕು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೆಲಸ ಆಯ್ತು. ದಾಳದ ಅತಿ ದೊಡ್ಡ ಅಂಕಿ ಬಿದ್ದರೆ ಮತ್ತೆ ಹಾಕಿ ಕೂಡಿಸಬಹುದು. ಜಗಳದಲ್ಲಿ ಯಾರ ಸರದಿ ಮೊದಲು ಅನ್ನೋದಕ್ಕೆ ಇಸ್ಪೀಟ್ ಎಲೆ ಹಂಚುತ್ತಾರೆ. ಕಾಕಾನ ಮಗನಿಗೆ ಜೋಕರ್ ಬಂತು. ಜೋಕರ್ ಬಂದವರು ಯಾವಾಗ ಬೇಕಾದರೂ ನಡುವೆ ನುಗ್ಗಬಹುದು, ದಾಳಕ್ಕೆ ಎರಡು ಜಾಸ್ತಿ. ಇಡೀ ಗುಂಡಿನ ಕಾಳಗ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲರೂ ಖುಷಿ. ಆದರೆ ಅತಿ ಚಿಕ್ಕ ದಾಳ ಇಟ್ಟುಕೊಂಡ ಪಾತ್ರವೂ ಸಾಮಾನ್ಯ ಕೆಲಸದಲ್ಲಿ 62.5 ಶೇಕಡಾ ಗೆಲ್ಲುತ್ತದೆ. ವೀರರ ಕಥೆಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಹಡಗಿನವರು ವೀರರಲ್ಲ, ಕಂತು ಕಟ್ಟಲು ಒದ್ದಾಡುವವರು. ಆಟ ಮುಗಿದ ಮೇಲೆ ಕಾಕಾ, 'ಎಲ್ಲಾ ಛಲೋ ಆತು. ಮತ್ತ ಎಣ್ಣಿ ಯಾರ್ ಹಾಕಿಸಿದ್ರು?' ಅಂತ ಕೇಳಿದರು. ಆ ಪ್ರಶ್ನೆ ನನ್ನ ತಲೆಯಲ್ಲಿ ವಾರವಿಡೀ ಉಳಿಯಿತು.

ಎರಡನೆಯದು ಸ್ಕಮ್ ಅಂಡ್ ವಿಲನಿ, 2018ರದ್ದು. ಇಲ್ಲಿ ಆರು ಮುಖದ ದಾಳಗಳೇ. ಕೆಲವನ್ನು ಒಟ್ಟಿಗೆ ಹಾಕಿ ದೊಡ್ಡದನ್ನು ನೋಡಬೇಕು. ಆರು ಬಂದರೆ ಪೂರ್ತಿ ಗೆಲುವು. ನಾಲ್ಕು, ಐದು ಬಂದರೆ ಕೆಲಸ ಆಗುತ್ತದೆ, ಜೊತೆಗೊಂದು ತಾಪತ್ರಯ. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೆಟ್ಟಿತು. ತಂಗಿಗೆ ಇದು ಬಹಳ ಹಿಡಿಸಿತು, ಯಾಕಂದರೆ ಇದರಲ್ಲಿ ಹಿಂದೆ ಹೀಗೊಂದು ನಡೆದಿತ್ತು ಅಂತ ಆಟದ ನಡುವೆಯೇ ಕಥೆಗೆ ಸೇರಿಸುವ ಅವಕಾಶ ಇದೆ. ಕಾವಲುಗಾರ ಎದುರು ನಿಂತಾಗ ಅವಳು ಎರಡು ಕ್ಷಣ ಸುಮ್ಮನಿದ್ದು, 'ಹೋದ ಸಲ ಬಂದಾಗ ಇವನ ತಾಯಿಗೆ ಔಷಧಿ ತಂದುಕೊಟ್ಟಿದ್ದೆ, ದುಡ್ಡು ತಗೊಂಡಿರಲಿಲ್ಲ' ಅಂದಳು. ಅದಕ್ಕೆ ಬೆಲೆಯಾಗಿ ಪಾತ್ರದ ಒತ್ತಡದ ಅಂಕ ಒಂದಿಷ್ಟು ಏರಿಸಿಕೊಂಡು ಅದನ್ನು ನಿಜ ಮಾಡಿದಳು. ಇಡೀ ಮೇಜು ಮೌನವಾಯಿತು. ಕಾವಲುಗಾರನ ಮಾತು ಆಡಬೇಕಾದ ನನಗೂ ಗಂಟಲು ಕಟ್ಟಿತು.

ಆದರೂ ಬಿಟ್ಟೆವು. ಈ ಆಟ ನೇರ ಕೆಲಸದ ನಡುವೆಯೇ ತಂದು ನಿಲ್ಲಿಸುತ್ತದೆ. ದಾರಿಗೆ ಜಾಗ ಕಡಿಮೆ, ದುಡ್ಡಿನ ಲೆಕ್ಕವೂ ಬರೀ ಅಂದಾಜಿನದು. ನನಗೆ ಬೇಕಾಗಿದ್ದೇ ದಾರಿ. ಅದರಿಂದ ಒಂದನ್ನು ಮಾತ್ರ ಎತ್ತಿಕೊಂಡೆ, ಗಡಿಯಾರ. ಒಂದು ವೃತ್ತ ಬರೆದು ನಾಲ್ಕು, ಆರು ಅಥವಾ ಎಂಟು ಹೋಳು ಮಾಡುವುದು. ಅಪಾಯ ಹತ್ತಿರ ಬಂದ ಹಾಗೆ ಒಂದೊಂದೇ ಹೋಳು ತುಂಬುವುದು.

ಮೂರನೆಯದು ಟ್ರಾವೆಲರ್. ಮಾರ್ಕ್ ಮಿಲ್ಲರ್ 1977ರಲ್ಲಿ ತಂದ ಆಟ. ನಾವು ಆಡಿದ್ದು ಈಚಿನ ಆವೃತ್ತಿ. ಎರಡೇ ದಾಳ, ಲೂಡೋ ಡಬ್ಬಿಯಲ್ಲಿರುವವೇ ಸಾಕು. ಕೂಡಿಸಿದರೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಬರಬೇಕು.

ಇದರಲ್ಲಿ ಪಾತ್ರ ಕಟ್ಟುವುದೇ ಒಂದು ಆಟ. ಪಾತ್ರದ ಹದಿನೆಂಟನೇ ವಯಸ್ಸಿಗೆ ಶುರು, ನಾಲ್ಕು ನಾಲ್ಕು ವರ್ಷದ ಅವಧಿಗಳು. ಪ್ರತಿ ಅವಧಿಗೂ ದಾಳ: ಕೆಲಸ ಸಿಕ್ಕಿತೇ, ಬಡ್ತಿ ಬಂತೇ, ಏನು ಪೆಟ್ಟಾಯಿತು. ಮೂವತ್ನಾಲ್ಕಕ್ಕೆ ಮೈ ಸೋಲಲು ಶುರುವಾಗುತ್ತದೆ. ಕಾಕಾ ಐದು ಅವಧಿ ಹಾಕಿದರು. ಮೂವತ್ತೆಂಟಕ್ಕೆ ಅವರ ಪಾತ್ರದ ಬಲದಲ್ಲಿ ಒಂದು ಅಂಕ ಹೋಯಿತು. ಕಾಕಾ ರಬ್ಬರಿನಿಂದ ಏಳನ್ನು ಅಳಿಸಿ ಆರು ಬರೆದರು. ಪೆನ್ಸಿಲ್ ಕೆಳಗಿಟ್ಟು, ತಮ್ಮ ಬಲ ಮೊಣಕಾಲು ಹಿಡಿದುಕೊಂಡು, 'ನಂದೂ ಅದ ವಯಸ್ಸಿಗೇ ಶುರು ಆತು' ಅಂದರು.

ಆಮೇಲೆ ಹಡಗಿನ ಪುಟ ತೆಗೆದೆ. ಹಡಗು ಸಾಲದ ಮೇಲೆ. ತಿಂಗಳಿಗೆ ಬೆಲೆಯ 240ನೇ ಒಂದು ಭಾಗ, 40 ವರ್ಷ ಕಟ್ಟಬೇಕು. ಅಂದರೆ 480 ಕಂತು, ಬೆಲೆಯ ಎರಡರಷ್ಟು. ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜಿಗಿತ ಅಂದರೆ ಸುಮಾರು ಒಂದು ವಾರ, ಹತ್ತಿರವಾದರೂ ದೂರವಾದರೂ. ಹಡಗಿಗಿಂತ ಬೇಗ ಸುದ್ದಿ ಹೋಗಲು ಬೇರೆ ದಾರಿಯೇ ಇಲ್ಲ. ಫೋನು ಬರುವ ಮುಂಚೆ ಪರಊರಿನ ಸಾವಿನ ಸುದ್ದಿ ಜನ ಬಂದು ಹೇಳುತ್ತಿದ್ದರಲ್ಲ, ಹಾಗೆ. ಕಾಕಾ ಕಂತಿನ ಸಾಲನ್ನು ಎರಡು ಸಲ ಓದಿಸಿದರು. 'ಕಂತು ತಪ್ಪಿದ್ರ ಗಾಡಿ ಮನಿ ಮುಂದ ನಿಂದ್ರಂಗಿಲ್ಲ' ಅಂದವರೇ ಹಾಳೆ ತಗೊಂಡು ಎಣ್ಣೆ, ಬಾಡಿಗೆ, ಬಂದರಿನ ಫೀ ಅಂತ ಕಾಲಂ ಹಾಕತೊಡಗಿದರು. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನ ಆಯ್ತು.

ತೊಂದರೆ ಇಲ್ಲವೆಂದಲ್ಲ. ದಾಳಕ್ಕೆ ಕೂಡಿಸಲು ಕೌಶಲದ ಅಂಕ ಏನೂ ಇಲ್ಲದಿದ್ದರೆ ಎಂಟು ಅಥವಾ ಹೆಚ್ಚು ಬರುವುದು 36ಕ್ಕೆ 15 ಸಲ ಮಾತ್ರ. ಕೆಲಸವೇ ಬಾರದವನಿಗೆ ಮೂರು ಕಡಿತ, ಆಗ 36ಕ್ಕೆ 3. ಗೆಳೆಯ ಒಂದೇ ಬಾಗಿಲಿಗೆ ಮೂರು ಸಲ ಸೋತು ಮಂಕಾದ. ಗಡಿಯಾರ ಇಲ್ಲಿ ಕೆಲಸಕ್ಕೆ ಬಂತು. ಈಗ ನಮ್ಮ ನಿಯಮ ಹೀಗೆ: ಸೋತರೆ ಬಾಗಿಲು ತೆರೆಯುತ್ತದೆ, ಆದರೆ ಗಡಿಯಾರದ ಒಂದು ಹೋಳು ತುಂಬುತ್ತದೆ. ಗುಂಡು ತಗುಲಿದರೆ ಮಾತ್ರ ಏನೂ ಸಡಿಲಿಕೆ ಇಲ್ಲ. ಟ್ರಾವೆಲರ್‌ನಲ್ಲಿ ಗಾಯ ನೇರ ಮೈಯ ಅಂಕಗಳಿಂದಲೇ ಕಳೆಯುತ್ತದೆ. ಅದಕ್ಕೇ ಮೂರನೇ ಭಾನುವಾರ ಎಲ್ಲರೂ ಪಿಸ್ತೂಲಿಗೆ ಕೈ ಹಾಕುವ ಮುಂಚೆ ಮಾತಾಡಿದರು.

ದೊಡ್ಡ ಗಡಿಯಾರ ಒಂದೇ, ಎಂಟು ಹೋಳಿನದು, ಕಣಿವೆಯ ನೀರಿಗೆ. ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಹಚ್ಚಿದ್ದೇನೆ. ಹೋದ ವಾರ ಅಜ್ಜಿ ಬಂದು ಏನಿದು ಅಂತ ಕೇಳಿದರು. ಹೇಳಿದೆ. ಹಳೆ ಮನೆಯ ಗೋಡೆಗೆ ನೀರು ಎಲ್ಲಿವರೆಗೆ ಬರುತ್ತದೆ ಅಂತ ಅಜ್ಜ ಸುಣ್ಣದಲ್ಲಿ ಗೆರೆ ಎಳೆದಿದ್ದರಂತೆ. ಆ ಗೆರೆಯನ್ನು ಕಥೆಗೆ ಸೇರಿಸಿದ್ದೇನೆ.

ಕಥೆಯ ಗ್ರಹಗಳ ನಕಾಶೆ ಅರ್ಧ ಆಗಿದೆ. ಟ್ರಾವೆಲರ್‌ನ ಒಂದು ಉಪಸೆಕ್ಟರ್ ಅಂದರೆ ಎಂಟು ಅಡ್ಡ, ಹತ್ತು ಉದ್ದ, ಒಟ್ಟು 80 ಆರು ಮೂಲೆಯ ಮನೆಗಳು. ನಿಯಮದ ಪ್ರಕಾರ ಅರ್ಧದಷ್ಟರಲ್ಲಿ ಗ್ರಹ ಇರಬೇಕು. ಗಡಿಭಾಗ ಬಿಕೋ ಅನ್ನಲಿ ಅಂತ ನಾನು ಹದಿನಾಲ್ಕಕ್ಕೆ ಇಳಿಸಿದ್ದೇನೆ. ಒಂಬತ್ತಕ್ಕೆ ಹೆಸರಿಟ್ಟಾಗಿದೆ, ಉಳಿದ ಐದನ್ನು ತಂಗಿ ಇಡುತ್ತಾಳೆ. ಬರುವ ಭಾನುವಾರ ಮಧ್ಯಾಹ್ನ ಮೊದಲ ನಿಜವಾದ ಆಟ. ಮೊದಲ ಕಂತಿಗೆ ಇಪ್ಪತ್ಮೂರು ದಿನ ಬಾಕಿ ಅಂತ ಕಾಕಾ ಆಗಲೇ ಹಾಳೆಯ ಮೇಲೆ ಬರೆದಿಟ್ಟಿದ್ದಾರೆ.