ಕಂದಕದ ಆ ಕಡೆಯ ಹಕ್ಕಿ

ಕೋಸ್ಟರಿಕಾದ ಕಾಡು, ಹೊಲಗಳಲ್ಲಿ 12 ವರ್ಷ ಹಕ್ಕಿ ಎಣಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದ್ದೆ. ಹೊಲದಲ್ಲೂ ಹಕ್ಕಿಗಳಿವೆ, ಆದರೆ ಹೆಚ್ಚಿನವು ಒಂದಕ್ಕೊಂದು ಹತ್ತಿರದ ನೆಂಟರು. ಬೇರೆ ಬೇರೆ ಹಳೇ ವಂಶದ ಹಕ್ಕಿಗಳು ಉಳಿದಿರುವುದು ಕಾಡಲ್ಲೇ ಜಾಸ್ತಿ ಅನ್ನುವುದು ಅದರ ಸಾರ. ನಮ್ಮ ಬನ್ನೇರುಘಟ್ಟದ್ದು ಬೇಸಿಗೆಗೆ ಎಲೆ ಉದುರಿಸುವ ಒಣ ಕಾಡು. ಇಲ್ಲೂ ಹಾಗೇನಾ?

ನವೆಂಬರಿನ ಒಂದು ಭಾನುವಾರ ಗೆಳತಿಯ ಸ್ಕೂಟರ್ ಹತ್ತಿ ಆ ಕಾಡಂಚಿನ ಊರು ರಾಗಿಹಳ್ಳಿ ಕಡೆ ಹೊರಟೆ. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಅಪಾರ್ಟ್‌ಮೆಂಟು, ಧೂಳು, ಮತ್ತೆ ಅಪಾರ್ಟ್‌ಮೆಂಟು.

ಅಲ್ಲಿ ಹೊಲಕ್ಕೂ ಕಾಡಿಗೂ ನಡುವೆ ಆನೆ ಕಂದಕ. ಪರ್ಮಿಷನ್ ಇಲ್ಲದೆ ಕಾಡಿಗೆ ಕಾಲಿಡುವಂತಿಲ್ಲ, ಈ ಕಡೆ ಬದುವಿನ ಮೇಲೇ ನಿಂತೆವು. ರಾಗಿ ತೆನೆ ಬಾಗಿತ್ತು, ನಡುನಡುವೆ ಅವರೆ, ಜೋಳದ ಅಕ್ಕಡಿ ಸಾಲು. ರಾಟವಾಳದ ಹಿಂಡು ತೆನೆ ಮೇಲೆ, ತಂತಿ ಮೇಲೆ ಕಾಜಾಣ, ನೀಲಕಂಠ, ಈಚಲು ಮರದಲ್ಲಿ ಗೀಜಗನ ಹಳೇ ಗೂಡುಗಳು. ಒಂದೂವರೆ ಗಂಟೆಗೆ 27 ಜಾತಿ! ಪಕ್ಕದ ನೀಲಗಿರಿ ತೋಪಿನಲ್ಲಿ ಬರೀ ಎರಡು. ಆ ಮರ ನನಗೆ ಮೊದಲಿಂದಲೂ ಆಗಿಬರಲ್ಲ.

ಆಮೇಲೆ ಕಾಡಿನ ಕಡೆ ಮುಖ ಮಾಡಿದೆವು. ಅಷ್ಟೇ ಹೊತ್ತಿಗೆ 11, ಅದರಲ್ಲೂ ಅರ್ಧ ಬರೀ ದನಿ. ಹೊಲ ಗೆದ್ದಿತು ಅಂದುಕೊಂಡೆ. ಅಷ್ಟರಲ್ಲಿ ಕಂದಕದಾಚೆ ಪೊದೆಯಡಿ ತರಗೆಲೆ ಸರಿದಾಡಿತು. ಸಣ್ಣದೊಂದು ಹರಟೆಮಲ್ಲ: ಬಿಳಿ ಗಂಟಲು, ಎದೆ ತುಂಬ ಕಂದು ಗೀಟು. ಒಂದು ಎಲೆ ಮಗುಚುತ್ತದೆ, ನೋಡುತ್ತದೆ, ಇನ್ನೊಂದು ಮಗುಚುತ್ತದೆ.

ಹೊಲ ಕಾಯುತ್ತಿದ್ದ ಅಜ್ಜಿ ಹತ್ತಿರ ಬಂದರು. "ಏನ್ ನೋಡ್ತಿದ್ದೀಯವ್ವಾ?"

ತೋರಿಸಿದೆ. "ಈ ಕಡೆ ಬರುತ್ತಾ ಅಜ್ಜಿ?"

"ಅದೆಲ್ ಬತ್ತದೆ! ಆನೆ ದಾಟ್ತದೆ, ಅದು ದಾಟಾಕಿಲ್ಲ. ನಾನು ಮದುವೆ ಆಗಿ ಬಂದಾಗಿಂದ ನೋಡ್ತಿವ್ನಿ."

"ಯಾಕೆ ಅಂತೀರಾ?"

"ಇಲ್ಲೇನೈತೆ ಅದ್ಕೆ? ನಾವು ಗುಡಿಸಿ, ಕಳೆ ಕಿತ್ತು ಬೋಳು ಮಾಡಿರ್ತೀವಿ. ಅದ್ಕೆ ನೆಳ್ಳು ಬೇಕು, ತರಗು ಬೇಕು."

ನೋಟ್‌ಬುಕ್ ತೆಗೆದು ನೋಡಿದೆ. 27ರಲ್ಲಿ ಬಹುಪಾಲು ನಮ್ಮ ಲೇಔಟಿನ ಖಾಲಿ ಸೈಟುಗಳಲ್ಲೇ ಸಿಗುವಂಥವು. 11ರಲ್ಲಿ ಆರು ಅಲ್ಲಿ ಒಂದು ಸಲವೂ ಕಂಡಿಲ್ಲ. ತೋಪಿನ ಜಾಗದಲ್ಲಿ ಮೊದಲು ಏನಿತ್ತು ಅಂತ ಕೇಳಿದೆ. "ಹೊಂಗೆ, ಹುಣಸೆ ಇದ್ವು. ಕಾಜಾಣ ಅಲ್ಲೇ ಕುಂತು ಹುಳ ಹಿಡೀತಿದ್ದೋ." ಅಷ್ಟು ಹೇಳಿ ಸುಮ್ಮನಾದರು.

ವಾಪಸ್ ಬರುವಾಗ ಸ್ಕೂಟರ್ ಪಂಚರ್. ಪಂಚರ್ ಅಂಗಡಿ ಸಿಗಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕತ್ತಲಾದರೆ ಆನೆ ಭಯ. ಮೂರು ಕಿಲೋಮೀಟರ್ ತಳ್ಳಿದ ಮೇಲೆ ಹಾಲಿನ ಟೆಂಪೋದವರು ಹತ್ತಿಸಿಕೊಂಡರು. ಹೋಗುವವರು ಗಾಳಿ ಪಂಪ್ ಇಟ್ಟುಕೊಳ್ಳಿ, ನಾಲ್ಕು ಗಂಟೆಯೊಳಗೆ ಹೊರಡಿ. ಈಗಲೂ ಭುಜ ನೋಯುತ್ತಿದೆ.

ಹೊರಡುವ ಮುಂಚೆ ಅಜ್ಜಿ ಕೇಳಿದ್ದರು: "ಹಕ್ಕಿ ಎಣಿಸಾಕೆ ಎಷ್ಟು ಕೊಡ್ತಾರವ್ವಾ?"

"ಏನೂ ಇಲ್ಲ ಅಜ್ಜಿ, ಸುಮ್ನೆ."

"ಹಂಗಾದ್ರೆ ರಾಗಿ ಕುಯ್ಯಾಕೆ ಬಾ, ಕೂಲಿ ಕೊಡ್ತೀನಿ."