ಹಳೇ ಮರದ ಆಟಿಕೆಗೆ ಪೇಂಟ್ ಯಾಕೆ ಹೊಡ್ಸಲ್ಲ?

ದಸರಾ ಬಂತು ಅಂದ್ರೆ ಮೈಸೂರಲ್ಲಿ ಬೊಂಬೆ ನೋಡೋಕೆ ಅಕ್ಕಪಕ್ಕದವರೆಲ್ಲ ಬರ್ತಾರಲ್ಲ, ನಮ್ಮನೇಲಿ ಪಟ್ಟದ ಬೊಂಬೆ ಪಕ್ಕದಲ್ಲಿ ನಾನು ಕೂಡಿಟ್ಟಿರೋ ಹಳೇ ಮರದ ಬಿಲ್ಡಿಂಗ್ ಸೆಟ್‌ಗಳೂ ಇರ್ತಾವೆ, ಅದನ್ನ ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಕೇಳೋದು ಒಂದೇ: "ಅಲ್ಲಾ ಸಾರ್, ಇಷ್ಟ್ ಮಂಕಾಗಿದೆ, ಒಂದ್ ಕೋಟ್ ಪೇಂಟ್ ಹೊಡ್ಸಿಬಿಡ್ಬಾರ್ದಾ?"

ಹೊಡ್ಸಲ್ಲ. ಮೊದಲನೇ ಕಾರಣ ಅಂದಕ್ಕೆ ಸಂಬಂಧಪಟ್ಟಿದ್ದೇ ಅಲ್ಲ, ಪೇಂಟ್ ಹೊಡೆದ್ರೆ ಆಟಿಕೆ ಕೆಲಸಾನೇ ಮಾಡಲ್ಲ. ಟಿಂಕರ್‌ಟಾಯ್ ತಗೊಳ್ಳಿ, ಮರದ ಚಕ್ರಕ್ಕೆ ಕಡ್ಡಿ ತೂರಿಸಿ ಜೋಡಿಸೋ ಸೆಟ್, ಅಮೆರಿಕಾದ ಇವಾನ್‌ಸ್ಟನ್‌ನಲ್ಲಿ ಸಮಾಧಿ ಕಲ್ಲು ಕೆತ್ತುತ್ತಿದ್ದ ಚಾರ್ಲ್ಸ್ ಪಾಜೋ ಅನ್ನೋರು 1914ರಲ್ಲಿ ತಂದಿದ್ದು, ಮಕ್ಕಳು ದಾರ ಸುತ್ತೋ ಖಾಲಿ ಮರದ ರೀಲಿಗೆ ಕಡ್ಡಿ ಚುಚ್ಚಿ ಆಡೋದ್ನ ನೋಡಿ ಹೊಳೆದಿದ್ದಂತೆ. ಚಕ್ರದ ಅಂಚಲ್ಲಿ ಸುತ್ತ 8 ತೂತು, ಮಧ್ಯ ಒಂದು. ಕಡ್ಡಿ ತುದೀಲಿ ಸಣ್ಣ ಸೀಳು ಇರುತ್ತೆ, ತೂತಿಗೆ ತೂರಿಸಿದಾಗ ಆ ಸೀಳು ಸ್ವಲ್ಪ ಮುಚ್ಕೊಂಡು ಒಳಗಿಂದ ಒತ್ತಿ ಹಿಡ್ಕೊಳ್ಳುತ್ತೆ, ಇಡೀ ಆಟ ನಿಂತಿರೋದು ಆ ಬಿಗಿ ಮೇಲೆ. ಅದ್ರ ಮೇಲೆ ಎನಾಮಲ್ ಬಳಿದ್ರೆ ಸೀಳು ಮುಚ್ಚೋಯ್ತು, ತೂತು ಕಿರಿದಾಯ್ತು, ಬಲವಂತವಾಗಿ ತೂರಿಸಿದ್ರೆ ಚಕ್ರ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಮರ ತೇವ ಕುಡಿದು ಪೇಂಟ್ ಇಲ್ದೇನೇ ಬಿಗಿಯಾಗುತ್ತೆ, ಆವಾಗ ತಿರುಚಿ ಕೀಳೋಕೆ ಹೋಗ್ಬೇಡಿ, ಬಿಸಿಲು ಬರೋವರೆಗೂ ಹಾಗೇ ಬಿಟ್ಬಿಡಿ.

ಇನ್ನೊಂದು, ಆ ಮಂಕು ಬಣ್ಣಾನೇ ವಯಸ್ಸು ಹೇಳೋದು. ಮೊದಲ ಕಾಲದ ಕಡ್ಡಿಗೆ ಬಣ್ಣಾನೇ ಇರ್ಲಿಲ್ಲ, ಬಣ್ಣದ ಕಡ್ಡಿ ಬಂದಿದ್ದು 1950ರ ದಶಕದಲ್ಲಿ. ಎಲ್ಲದಕ್ಕೂ ಕೆಂಪು ಬಳಿದುಬಿಟ್ರೆ ಯಾವುದು ಯಾವ ಸೆಟ್‌ದು ಅಂತ ಆಮೇಲೆ ಬ್ರಹ್ಮ ಬಂದ್ರೂ ಹೇಳಕ್ಕಾಗಲ್ಲ.

ಹೊಸ ಪೇಂಟ್ ಹಿಡೀಬೇಕು ಅಂದ್ರೆ ಹಳೇದನ್ನ ಉಪ್ಪು ಕಾಗದದಲ್ಲಿ ಉಜ್ಜಬೇಕು ತಾನೆ, ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ, ಆ ಧೂಳು ಮನೆಯೆಲ್ಲಾ ಹರಡುತ್ತೆ. ಅದಕ್ಕೇ ಹಳೇ ಪೇಂಟಿನ ಸಾಮಾನನ್ನ ಬಾಯಿಗಿಟ್ಕೊಳ್ಳೋ ವಯಸ್ಸಿನ ಮಕ್ಕಳ ಕೈಗೆ ನಾನು ಕೊಡಲ್ಲ. ಇದನ್ನ ಜಿಪುಣತನ ಅಂದ್ಕೊಂಡೋರೂ ಇದಾರೆ, ಇರ್ಲಿ ಬಿಡಿ.

ನಮ್ಮ ಚನ್ನಪಟ್ಟಣದ್ದಂತೂ ಪೇಂಟೇ ಅಲ್ಲ, ಅರಗು. ಲೇತಲ್ಲಿ ತಿರುಗ್ತಿರೋ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜೋ ಬಿಸಿಗೇ ಕರಗಿ ಹತ್ಕೊಳ್ಳುತ್ತೆ, ಆಮೇಲೆ ತಾಳೆ ಗರಿ ಹಿಡಿದು ಉಜ್ಜಿದ್ರೆ ಆ ಹೊಳಪು. ಇದನ್ನ ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಿದ್ರೆ ಬಣ್ಣ ಬಟ್ಟೆಗೆ ಬರುತ್ತೆ, ಅರಗು ಸ್ಪಿರಿಟಲ್ಲಿ ಕರಗುತ್ತೆ. ಕೊಬ್ಬರಿ ಎಣ್ಣೆ ಸವರಿ ಅಂತಾರೆ ಕೆಲವರು, ಬೇಡ, ಬರೀ ಮರಕ್ಕೆ ಅದು ಇಳಿದು ಜಿಡ್ಡಾಗಿ ಧೂಳು ಹಿಡ್ಕೊಂಡು ಕಮಟು ವಾಸನೆ ಬರುತ್ತೆ. ಮೆತ್ತನೆ ಬ್ರಷ್, ಚೆನ್ನಾಗಿ ಹಿಂಡಿದ ಮಲ್ ಬಟ್ಟೆ, ಅಷ್ಟು ಸಾಕು.

ನನಗೆ ನಿಜವಾದ ಭಯ ಹುಳದ್ದು. ಕರೀ ಹಾಳೆ ಮೇಲೆ ತುಂಡನ್ನ ಮೆಲ್ಲಗೆ ತಟ್ಟಿ ನೋಡಿ, ಸೂಜಿ ಚುಚ್ಚಿದಂಥ ತೂತಿಂದ ಟಾಲ್ಕಂ ಪೌಡರ್ ಥರ ಹಿಟ್ಟು ಉದುರಿದ್ರೆ ಒಳಗೆ ಇನ್ನೂ ಕೊರೀತಿರಬಹುದು ಅಂತ ಅರ್ಥ. ಅರಗು ಇಲ್ಲದ ಮರವಾದ್ರೆ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ ಎರಡು ವಾರ ಡೀಪ್ ಫ್ರೀಜರಲ್ಲಿ ಇಡ್ತೀನಿ, ಮೈನಸ್ 18 ಡಿಗ್ರಿ, ಈಚೆ ತೆಗೆದ ಮೇಲೂ ಪೂರ್ತಿ ತಣ್ಣಗಿರೋದು ಹೋಗೋವರೆಗೆ ಕವರ್ ಬಿಚ್ಚಲ್ಲ, ಬಿಚ್ಚಿದ್ರೆ ನೀರು ಮರದ ಮೇಲೇ ಕೂರುತ್ತೆ. ಅರಗು ಇರೋದನ್ನ ಫ್ರೀಜರಿಗೆ ಹಾಕಲ್ಲ, ಸೀಳೋ ಭಯ, ಅಂಥದ್ನ ಬೇರೆ ಡಬ್ಬೀಲಿ ಇಟ್ಟು ಕಣ್ಣಿಟ್ಟಿರ್ತೀನಿ.

ಹಾಗಂತ ಮುರಿದ ಕಡ್ಡೀನ ಹಾಗೇ ಬಿಡೋದೂ ಇಲ್ಲ, ಗೊತ್ತಿರೋ ಬಡಗಿ ಹತ್ರ ಅದೇ ಅಳತೆಗೆ ಮಾಡಿಸ್ತೀನಿ. ಆದ್ರೆ ಅದಕ್ಕೆ ಬಣ್ಣ ಇಲ್ಲ, ತುದೀಲಿ ಪೆನ್ಸಿಲಲ್ಲಿ ಮಾಡಿಸಿದ ವರ್ಷ ಬರೆದಿಡ್ತೀನಿ, ಮುಂದೆ ಯಾರಾದ್ರೂ ತಗೊಂಡ್ರೆ ಹಳೇದ್ಯಾವ್ದು ಹೊಸದ್ಯಾವ್ದು ಅಂತ ನನ್ನ ಕೇಳೋ ಗತಿ ಅವರಿಗೆ ಬರಬಾರ್ದು.